ಆಫೀಸಿನಿಂದ ಓಡುತ್ತಾ ಮನೆಗೆ: ನೋವು ಶುರುವಾಗುವುದು ಕುರ್ಚಿಯಲ್ಲಿ

ಮಂಡಿ ನೋವು, ಹಿಮ್ಮಡಿ ನೋವು ಅಂತ ಫಿಸಿಯೋಥೆರಪಿಗೆ ಬರುವವರಲ್ಲಿ ಈಗೀಗ ಒಂದು ಹೊಸ ಗುಂಪು ಕಾಣುತ್ತಿದೆ. ಸಂಜೆ ಆಫೀಸಿನಿಂದ ಮನೆಗೆ ಓಡಿಕೊಂಡೇ ಹೋಗುವವರು. ಬೆಂಗಳೂರಿನ ಟ್ರಾಫಿಕ್ ನೋಡಿದರೆ ಇದು ಹುಚ್ಚಾಟವೇನಲ್ಲ. ಎಂ.ಜಿ. ರಸ್ತೆಯಿಂದ ಜಯನಗರಕ್ಕೆ ಆರೇಳು ಕಿಲೋಮೀಟರ್. ಸಂಜೆ ಹೊತ್ತು ಕಾರಿನವರಿಗೆ ಪೈಪೋಟಿ ಕೊಡಬಹುದು.

ಬಂದವರೆಲ್ಲ ಶೂ ಬಗ್ಗೆ ಕೇಳುತ್ತಾರೆ. ನಾನು ಕೇಳುವುದು ಕುರ್ಚಿ ಬಗ್ಗೆ. ಎಂಟೊಂಬತ್ತು ಗಂಟೆ ಕೂತಾಗ ತೊಡೆಸಂದಿನ ಮುಂಭಾಗದ ಸ್ನಾಯು ಮಡಚಿಕೊಂಡೇ ಇರುತ್ತದೆ. ಕುಂಡಿಯ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಲಿಫ್ಟಿನಿಂದ ಇಳಿದು, ವಾಚ್ ಒತ್ತಿ, ಗೇಟಿನಿಂದಲೇ ಓಡಲು ಶುರು ಮಾಡಿದರೆ ಕಾಲು ಹಿಂದಕ್ಕೆ ಸರಿಯಾಗಿ ಚಾಚುವುದಿಲ್ಲ. ಆ ಹೊರೆ ಕೆಳಬೆನ್ನು ಮತ್ತು ಮೀನಖಂಡದ ಮೇಲೆ ಬೀಳುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಬೀಳುವ ಭಾರ ನಮ್ಮ ತೂಕದ 2ರಿಂದ 3 ಪಟ್ಟು. ಹಾಗಾಗಿ ಮೆಟ್ಟಿಲು ಇಳಿದು ಬನ್ನಿ. ಪಾರ್ಕಿಂಗ್ ಜಾಗದಲ್ಲೇ ಹತ್ತು ಲಂಜಸ್ (ಒಂದು ಕಾಲು ಮುಂದಿಟ್ಟು, ಮಂಡಿ ಮಡಚಿ ಕೆಳಗಿಳಿದು ಏಳುವ ವ್ಯಾಯಾಮ) ಮಾಡಿ, ಸೆಕ್ಯುರಿಟಿಯವರು ನಕ್ಕರೆ ನಗಲಿ. ಮೊದಲ ಹತ್ತು ನಿಮಿಷ ಬಿರುಸಾಗಿ ನಡೆಯಿರಿ, ಆಮೇಲೆ ಓಟ.

ಎರಡನೇ ತಪ್ಪಿತಸ್ಥ ಬೆನ್ನ ಮೇಲಿನ ಬ್ಯಾಗು. ಲ್ಯಾಪ್‌ಟಾಪ್, ಚಾರ್ಜರ್, ಊಟದ ಡಬ್ಬಿ ಸೇರಿದರೆ ಸುಲಭವಾಗಿ ಮೂರು ಕಿಲೋ. ಡಬ್ಬಿಯೊಳಗೆ ಚಮಚ ಕುಣಿಯುವ ಸದ್ದು ಬೇರೆ! ಬ್ಯಾಗು ಅಲ್ಲಾಡದಿರಲಿ ಅಂತ ಒಂದು ಕೈಯಲ್ಲಿ ಪಟ್ಟಿ ಹಿಡಿದು ಓಡುತ್ತಾರೆ. ಆಗ ಆ ಕಡೆಯ ತೋಳು ಬೀಸುವುದಿಲ್ಲ, ಮೈ ತಿರುಚಿಕೊಳ್ಳುತ್ತದೆ, ಕುತ್ತಿಗೆ ಹಿಡಿಯುತ್ತದೆ. ಓಡುವ ದಿನ ಲ್ಯಾಪ್‌ಟಾಪ್ ಆಫೀಸಿನಲ್ಲೇ ಇರಲಿ. ಡಬ್ಬಿ, ಬಟ್ಟೆಗಳನ್ನೂ ಅಲ್ಲೇ ಬಿಟ್ಟು, ಮರುದಿನ ಮೆಟ್ರೋದಲ್ಲಿ ಮನೆಗೆ ಬರುವಾಗ ತಂದರಾಯಿತು. ದಿನಾ ಓಡುವ ಹಟ ಬೇಡ. ಶುರುವಿಗೆ ವಾರಕ್ಕೆ ಎರಡು ದಿನ ಸಾಕು, ಅದೂ ಪೂರ್ತಿ ದೂರ ಬೇಡ. ಲಾಲ್‌ಬಾಗ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಂದ ಓಡಿ.

ಫುಟ್‌ಪಾತ್ ಕಥೆ ನಿಮಗೆ ಗೊತ್ತೇ ಇದೆ. ರೆಸಿಡೆನ್ಸಿ ರಸ್ತೆಯಂಥ ಕಡೆ ಅಗಲವಾಗಿದೆ. ಮಿಕ್ಕ ಕಡೆ ಎದ್ದ ಚಪ್ಪಡಿ, ಮರದ ಬೇರು, ನಿಲ್ಲಿಸಿದ ಬೈಕು. ಕತ್ತಲಾದ ಮೇಲೆ ಪಾದ ಒಳಮುಖವಾಗಿ ಮಡಚಿ ಉಳುಕುವುದು ಇಂಥಲ್ಲೇ. ಚಿಕ್ಕ, ಚುರುಕು ಹೆಜ್ಜೆ ಹಾಕಿದರೆ ಎಡವಿದರೂ ಸಾವರಿಸಿಕೊಳ್ಳಬಹುದು. ಫುಟ್‌ಪಾತೇ ಇಲ್ಲದಿದ್ದರೆ ರಸ್ತೆಯ ಬಲಬದಿಯಲ್ಲಿ, ಗಾಡಿಗಳು ಎದುರಿಗೆ ಕಾಣುವಂತೆ ಓಡಿ. ಇಯರ್‌ಫೋನ್ ಜೇಬಿನಲ್ಲಿರಲಿ.

ಇನ್ನು ಹೊಗೆ. ಸುಮ್ನೆ ಕೂತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಓಡುವಾಗ ಅದು 50 ಲೀಟರ್ ದಾಟಬಹುದು, ಅದೂ ಬಾಯಿಂದಲೇ ಜಾಸ್ತಿ. ಮೂಗಿನ ಸೋಸುವಿಕೆ ಸಿಗುವುದಿಲ್ಲ. ಬಟ್ಟೆಯ ಮಾಸ್ಕ್ ಸಣ್ಣ ಕಣಗಳನ್ನು ಅಷ್ಟಾಗಿ ತಡೆಯದು. ಮುಖ್ಯರಸ್ತೆ ಬಿಟ್ಟು ಒಂದೆರಡು ಅಡ್ಡರಸ್ತೆ ಒಳಗೆ ಹೋದರೆ ಗಾಳಿ ಎಷ್ಟೋ ವಾಸಿ, ದೂರ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸಿನ ಹಿಂದೆ ನಿಂತಲ್ಲೇ ಕುಣಿಯಬೇಡಿ, ದೂರ ಸರಿದು ನಿಲ್ಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರ ಜೊತೆ ಮಾತಾಡಿ. ಕೆಲವು ಮಾತ್ರೆಗಳಿಗೂ ಇದೇ ಮಾತು. ಮಧ್ಯಾಹ್ನ ಒಂದಕ್ಕೆ ಊಟ ಮಾಡಿ ಆರೂವರೆಗೆ ಓಡಿದರೆ ಸಕ್ಕರೆ ದಿಢೀರ್ ಇಳಿಯಬಹುದು. ಹೊರಡುವ ಮುನ್ನ ಒಮ್ಮೆ ಪರೀಕ್ಷಿಸಿಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಮಿಕ್ಕವರಿಗೆ ಐದು ಗಂಟೆಯ ಕಾಫಿ ಜೊತೆ ಒಂದು ಬಾಳೆಹಣ್ಣು ಸಾಕು.