ಬೀಸುವ ಕಲ್ಲು, ತಿರುಗುವ ಡಿಸ್ಕು ಮತ್ತು 0.620

ಬೀಸುವ ಕಲ್ಲಿನ ನಡುವಿನ ಗುಣಿಗೆ ಕಾಳು ಹಾಕಿದರೆ ಹಿಟ್ಟು ಅಂಚಿನಿಂದ ಸುತ್ತಲೂ ಉದುರುತ್ತದೆ. ದ್ರಾವಣದಲ್ಲಿ ತಿರುಗುವ ಡಿಸ್ಕ್ ಎಲೆಕ್ಟ್ರೋಡ್ ಮಾಡುವುದೂ ಅದನ್ನೇ, ತಲೆಕೆಳಗಾಗಿ: ದ್ರವವನ್ನು ಕೆಳಗಿನಿಂದ ಎಳೆದುಕೊಂಡು ಬದಿಗೆ ಎಸೆಯುತ್ತದೆ. ಪುಣೆಯ ಪಾಷಾಣ್‌ನಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ ಕಡೆ ಇಂಧನಕೋಶದ ವೇಗವರ್ಧಕಗಳನ್ನು ಪರೀಕ್ಷಿಸುವುದು ಇದರಿಂದಲೇ. ಧಾರವಾಡ, ವಿಜಯಪುರದಿಂದ ಪುಣೆಗೆ ಬಂದು ಸಂಶೋಧನೆಗೆ ಸೇರುವವರು ಈ ಹರಿವಿನ ಸಮೀಕರಣಗಳನ್ನು ಈಗ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಬಿಡಿಸುತ್ತಾರೆ. ಲೆಕ್ಕ ಮಾತ್ರ ಕಂಪ್ಯೂಟರಿಗಿಂತ ಹಳೆಯದು.

1921ರಲ್ಲಿ ಥಿಯೊಡೋರ್ ಫಾನ್ ಕಾರ್ಮಾನ್, ಅಂಚೇ ಇಲ್ಲದ ತಟ್ಟೆಯೊಂದು ತಿರುಗುತ್ತಿದೆ ಎಂದು ಊಹಿಸಿ, ಹರಿವಿನ ಜಟಿಲ ಸಮೀಕರಣಗಳನ್ನು ಒಂದೇ ಚರಾಕ್ಷರಕ್ಕೆ ಇಳಿಸಿದರು. 1934ರಲ್ಲಿ ಕಾಕ್ರನ್ ಅಂಕಿಗಳನ್ನು ತಿದ್ದಿದರು. 1942ರಲ್ಲಿ ವೆನಿಯಾಮಿನ್ ಲೆವಿಚ್ ಇದನ್ನು ವಿದ್ಯುದ್ರಸಾಯನಕ್ಕೆ ತಂದರು. ಡಿಸ್ಕಿನತ್ತ ಬರುವ ವೇಗಕ್ಕೆ ಡಿಸ್ಕಿನಿಂದಿರುವ ದೂರವಷ್ಟೇ ಲೆಕ್ಕ, ನಡು-ಅಂಚಿನ ಭೇದವಿಲ್ಲ. ಹಾಗಾಗಿ ಅಣುಗಳು ಎಲ್ಲೆಡೆ ಸಮನಾಗಿ ಬಂದು ಸೇರುತ್ತವೆ. ಲಿಮಿಟಿಂಗ್ ಕರೆಂಟ್, ಅಂದರೆ ಅಣುಗಳು ಬಂದು ಸೇರುವ ವೇಗ ಬಿಡುವಷ್ಟು ಗರಿಷ್ಠ ಕರೆಂಟ್, ಕೋನವೇಗದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಇದನ್ನು ಹೇಳುವ ಲೆವಿಚ್ ಸೂತ್ರದ ಗುಣಾಂಕವೇ 0.620. ವೇಗವನ್ನು ಸೆಕೆಂಡಿಗೆ ರೇಡಿಯನ್‌ನಲ್ಲಿ ಹಾಕಿದರೆ ಇದು ಸರಿ; ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹಾಕುವವರು 0.201 ಬಳಸಬೇಕು. ಅದಲುಬದಲಾದರೆ ಉತ್ತರ ಮೂರು ಪಟ್ಟು ತಪ್ಪುತ್ತದೆ. ಹಾಗೆ ತಪ್ಪುವವರೇನೂ ಕಡಿಮೆಯಿಲ್ಲ.

1966ರಲ್ಲಿ ಜಾನ್ ನ್ಯೂಮನ್ ಎರಡು ಮಾತು ಸೇರಿಸಿದರು. ಲಿಮಿಟಿಂಗ್ ಕರೆಂಟ್ ಮುಟ್ಟುವ ಮೊದಲು ಕರೆಂಟ್ ಡಿಸ್ಕಿನ ಮೇಲೆಲ್ಲ ಸಮನಾಗಿರುವುದಿಲ್ಲ, ಅಂಚಿನಲ್ಲಿ ಹೆಚ್ಚು. ಇನ್ನೊಂದು, ಲೆವಿಚ್ ಸೂತ್ರ ನಿಜಕ್ಕಿಂತ ಸುಮಾರು 3-4 ಶೇಕಡಾ ಹೆಚ್ಚು ತೋರಿಸುತ್ತದೆ. ಮಾದರಿ ಕಟ್ಟುವವರಿಗೆ ಈ ಎರಡನೆಯದು ಮುಖ್ಯ.

ಆಮ್ಲಜನಕ ತುಂಬಿಸಿದ 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್, 1600 ಆರ್‌ಪಿಎಂ, 4 ಎಲೆಕ್ಟ್ರಾನ್ ಕ್ರಿಯೆ ಎನ್ನಿ. ಲೆವಿಚ್ ಲೆಕ್ಕಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 5.7 ಮಿಲಿಆಂಪಿಯರ್. ಮಾದರಿ 5.5 ಕೊಟ್ಟರೆ ಅದು ಸರಿಯಾಗಿದೆ, 5.7 ಬರಲೆಂದು ಅಂಕಿಗಳನ್ನು ತಿರುಚಲು ಹೋಗಬೇಡಿ. ಇದೇ ವೇಗದಲ್ಲಿ ಹರಿವಿನ ಗಡಿಪದರ (ಡಿಸ್ಕಿನೊಡನೆ ಸುತ್ತುವ ದ್ರವದ ಪದರ) 0.28 ಮಿಲಿಮೀಟರ್, ಅದರೊಳಗಿನ ವಿಸರಣಾ ಪದರ (ಅಣುಗಳ ಸಾಂದ್ರತೆ ಇಳಿಯುವ ಪದರ) ಬರೀ 15 ಮೈಕ್ರೋಮೀಟರ್. ಹೆಚ್ಚಿನ ಮಾದರಿಗಳು ಕೆಡುವುದು ಇಲ್ಲೇ: ಹರಿವಿನ ಲೆಕ್ಕಕ್ಕೆ ಸಾಕಾದ ಮೆಶ್ (ದ್ರವವನ್ನು ಸಣ್ಣ ತುಣುಕುಗಳಾಗಿ ಹಂಚುವ ಬಲೆ), ಅಣುಗಳ ಸಾಂದ್ರತೆಯ ಲೆಕ್ಕಕ್ಕೆ ಸಾಲದು. ಡಿಸ್ಕಿಗೆ ತಾಗಿದ ಮೆಶ್‌ನ ಮೊದಲ ಪದರವನ್ನು 0.5 ಮೈಕ್ರೋಮೀಟರ್ ಇಟ್ಟು, ದೂರ ಹೋದಂತೆ ಮೆಲ್ಲಗೆ ದಪ್ಪ ಮಾಡಬೇಕು.

ಎರಡು ಆಯಾಮದ ಅಕ್ಷಸಮ್ಮಿತ (ಅಕ್ಷದ ಸುತ್ತ ಎಲ್ಲೆಡೆ ಒಂದೇ ಎಂದು ಬಗೆದ) ಮಾದರಿ ಸಾಕು, ಆದರೆ ಸುತ್ತುವೇಗವನ್ನು, ಅಂದರೆ ದ್ರವ ಅಕ್ಷದ ಸುತ್ತ ತಿರುಗುವ ವೇಗವನ್ನು, ಬಿಡುವಂತಿಲ್ಲ. ಅದಿಲ್ಲದೆ ಡಿಸ್ಕ್ ದ್ರವವನ್ನು ಎಳೆಯುವುದೇ ಇಲ್ಲ. ದ್ರಾವಣ ತೆಳುವಾಗಿದ್ದರೆ ಮೊದಲು ಹರಿವನ್ನು ಬಿಡಿಸಿ, ಅದನ್ನು ಹಾಗೇ ಇಟ್ಟು, ಆಮೇಲೆ ಸಾಂದ್ರತೆಯನ್ನು ಬಿಡಿಸಬಹುದು. ಡಿಸ್ಕಿನೊಡನೆ ತಿರುಗುವ ಚೌಕಟ್ಟಿನಲ್ಲಿ ನಿಂತು ನೋಡಿದಂತೆ ಲೆಕ್ಕ ಮಾಡುವವರು ಗಾಜಿನ ಗೋಡೆಯನ್ನು ನಿಶ್ಚಲವಾಗಿಡಲು ಮರೆತರೆ, ಪಾತ್ರೆಯೂ ದ್ರಾವಣವೂ ಒಂದೇ ಗಟ್ಟಿಯಂತೆ ಡಿಸ್ಕಿನೊಡನೆ ತಿರುಗುತ್ತವೆ, ಕರೆಂಟ್ ಕುಸಿಯುತ್ತದೆ. ಪಕ್ಕದಲ್ಲಿ ಇಳಿಬಿಟ್ಟ ಲಗ್ಗಿನ್ ನಳಿಕೆಯ (ವೋಲ್ಟೇಜ್ ಅಳೆಯಲು ಬಳಸುವ ಸಣ್ಣ ಗಾಜಿನ ಕೊಳವೆ) ಪರಿಣಾಮ ನೋಡಬೇಕಿದ್ದರೆ ಮೂರು ಆಯಾಮ ಬೇಕೇ ಬೇಕು.

ಸಣ್ಣ ಸೆಲ್‌ನಲ್ಲಿ (ದ್ರಾವಣದ ಪಾತ್ರೆ) ವೇಗ ಹೆಚ್ಚಿಸಿದಾಗ ಡಿಸ್ಕನ್ನು ಹಿಡಿದ ದಂಡದ ಸುತ್ತ ಸುಳಿ ಎದ್ದು ಗಾಳಿ ಒಳಸೇರುತ್ತದೆ, ಗುಳ್ಳೆ ಡಿಸ್ಕಿನಡಿ ಕೂರುತ್ತದೆ. ಮೇಲ್ಮೈಯನ್ನು ಚಪ್ಪಟೆ ಎಂದು ಬಗೆದ ಮಾದರಿಗೆ ಅದು ಕಾಣದು. ಅಳತೆಯ ಕರೆಂಟ್ ಲೆಕ್ಕಕ್ಕಿಂತ ಕೆಳಗಿದ್ದು ನಡುಗುತ್ತಿದ್ದರೆ, ಮೆಶ್ ತಿದ್ದುವ ಮೊದಲು ಡಿಸ್ಕನ್ನು ಮೇಲೆತ್ತಿ ತುಸು ಓರೆಯಾಗಿ ಮತ್ತೆ ಇಳಿಸಿ ನೋಡಿ.