ಪದ ಪರಿಚಯ: ರಸ್ತೆಯೋಗ್ಯತೆ

‘ಯೋಗ್ಯತೆ’ ಎಂಬ ಮಾತು ಹೆಚ್ಚಾಗಿ ಕಿವಿಗೆ ಬೀಳುವುದು ಜಗಳದ ನಡುವೆ. ‘ನಿನ್ನ ಯೋಗ್ಯತೆಗೆ’ ಎಂದು ಶುರುವಾದ ವಾಕ್ಯ ಒಳ್ಳೆಯ ಕಡೆಗೆ ಹೋಗುವುದು ಅಪರೂಪ. ಅದೇ ಪದ ‘ಕುಡಿಯಲು ಯೋಗ್ಯವಾದ ನೀರು’, ‘ವಾಸಯೋಗ್ಯ ಮನೆ’ ಎನ್ನುವಾಗ ತಣ್ಣಗಿರುತ್ತದೆ. ಅಲ್ಲಿ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ನೀರು ಸಿಹಿಯಾಗಿದೆ ಎಂದು ಯಾರೂ ಹೇಳುತ್ತಿಲ್ಲ, ಕುಡಿದರೆ ಹೊಟ್ಟೆ ಕೆಡುವುದಿಲ್ಲ ಎನ್ನುತ್ತಿದ್ದಾರೆ. ರಸ್ತೆಯೋಗ್ಯತೆಯನ್ನೂ ಇದೇ ಸಾಲಿನಲ್ಲಿಟ್ಟು ಓದಬೇಕು. ಗಾಡಿ ಚೆನ್ನಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ರಸ್ತೆಗೆ ಬಿಟ್ಟರೆ ಒಳಗಿರುವವರಿಗೂ ಹೊರಗಿರುವವರಿಗೂ ಕೇಡಾಗದಷ್ಟು ನೆಟ್ಟಗಿದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಪದದ ಬೇರು ಇನ್ನೂ ಸೊಗಸಾಗಿದೆ. ಸಂಸ್ಕೃತದ ‘ಯುಜ್’ ಧಾತುವಿಗೆ ಜೋಡಿಸು, ಹೂಡು ಎಂಬ ಅರ್ಥಗಳಿವೆ. ನೊಗಕ್ಕೆ ಹೂಡಲು ತಕ್ಕದ್ದು ‘ಯೋಗ್ಯ’. ಬಂಡಿ ಎಳೆಯುವ ಪ್ರಾಣಿಗೂ ಅದೇ ಹೆಸರಿತ್ತು. ಎಂಜಿನ್ ಇರುವ ಗಾಡಿಗೆ ಈಗ ಯೋಗ್ಯತೆಯ ಪತ್ರ ಕೊಡುವುದೆಂದರೆ ಪದವನ್ನು ತವರಿಗೆ ಕರೆತಂದಂತೆ. ಕಚೇರಿಯ ಕನ್ನಡದಲ್ಲಿ ಇದಕ್ಕೆ ‘ಅರ್ಹತಾ ಪತ್ರ’ ಎಂದು ಹೆಸರು, ಚಾಲಕರ ಬಾಯಲ್ಲಿ ‘ಎಫ್‌ಸಿ’. ನನಗೆ ಅರ್ಹತೆಗಿಂತ ಯೋಗ್ಯತೆಯೇ ಸರಿಯಾದ ಪದ ಎನಿಸುತ್ತದೆ. ಅರ್ಹತೆಯನ್ನು ಯಾರೋ ಕೊಡುತ್ತಾರೆ, ಯಾರೋ ಕಿತ್ತುಕೊಳ್ಳುತ್ತಾರೆ. ಯೋಗ್ಯತೆ ವಸ್ತುವಿನಲ್ಲೇ ಇರಬೇಕು. ಪತ್ರ ಬೇಕಾದರೆ ಅದನ್ನು ಕಂಡದ್ದಾಗಿ ಸಾಕ್ಷಿ ಹೇಳಬಹುದು.

ಈ ಕಲ್ಪನೆಯನ್ನು ಕಾನೂನು ಕಲಿತದ್ದು ನೀರಿನ ಮೇಲೆ. ಹಡಗಿಗೆ ವಿಮೆ ಮಾಡುವವರಿಗೆ ‘ಸಮುದ್ರಯೋಗ್ಯ’ ಹಡಗು ಯಾವುದು ಎಂಬ ಪ್ರಶ್ನೆ ದುಡ್ಡಿನ ಪ್ರಶ್ನೆಯಾಗಿತ್ತು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯಿದೆ ಅದಕ್ಕೆ ಕೊಟ್ಟ ಉತ್ತರದ ಸಾರ ಹೀಗಿದೆ: ಆ ಯಾನದಲ್ಲಿ ಸಾಮಾನ್ಯವಾಗಿ ಎದುರಾಗುವ ಅಪಾಯಗಳನ್ನು ತಾಳಿಕೊಳ್ಳಲು ಎಲ್ಲ ಬಗೆಯಲ್ಲೂ ತಕ್ಕಮಟ್ಟಿಗೆ ಸಜ್ಜಾಗಿದ್ದರೆ ಹಡಗು ಸಮುದ್ರಯೋಗ್ಯ. ‘ಸಾಮಾನ್ಯವಾಗಿ’, ‘ತಕ್ಕಮಟ್ಟಿಗೆ’ ಎಂಬ ಎರಡು ಮಾತುಗಳನ್ನು ಗಮನಿಸಿ. ಮುಳುಗದ ಹಡಗು ಬೇಕೆಂದು ಕಾನೂನು ಕೇಳಲಿಲ್ಲ. ರಸ್ತೆಯ ಮೇಲೂ ಅಷ್ಟೆ. ಮಳೆ, ಇಳಿಜಾರು, ಕತ್ತಲೆ, ಮುಂದಿನ ಗಾಡಿ ಥಟ್ಟನೆ ನಿಲ್ಲುವುದು, ಇವೆಲ್ಲ ಸಾಮಾನ್ಯ ಅಪಾಯಗಳು. ಇವುಗಳಿಗೆ ಗಾಡಿ ತಾಳಿಕೊಂಡರೆ ಸಾಕು.

ಹಾಗಿದ್ದರೆ ತಾಳಿಕೊಳ್ಳುತ್ತದೋ ಇಲ್ಲವೋ ಎಂದು ಯಾರು, ಯಾವಾಗ ನೋಡಬೇಕು? ಜರ್ಮನಿಯಲ್ಲಿ ಕಾಲಕಾಲದ ತಪಾಸಣೆ ಕಡ್ಡಾಯವಾದದ್ದು 1951ರಲ್ಲಿ. ಬ್ರಿಟನ್ 1960ರಲ್ಲಿ ‘ಎಂಒಟಿ’ ಪರೀಕ್ಷೆ ಶುರುಮಾಡಿದಾಗ ಹತ್ತು ವರ್ಷ ದಾಟಿದ ಗಾಡಿಗಳನ್ನು ಮಾತ್ರ ಕರೆಯಿತು; ನೋಡುತ್ತಿದ್ದದ್ದು ಬ್ರೇಕು, ದೀಪ, ಸ್ಟೀರಿಂಗ್. ಸೋತ ಗಾಡಿಗಳು ಎಷ್ಟಿದ್ದವೆಂದರೆ ಮರುವರ್ಷವೇ ಮಿತಿಯನ್ನು ಏಳು ವರ್ಷಕ್ಕೆ, 1967ರಲ್ಲಿ ಮೂರು ವರ್ಷಕ್ಕೆ ಇಳಿಸಬೇಕಾಯಿತು. ಜಪಾನಿನ ‘ಶಾಕೆನ್’ ಹೊಸ ಕಾರಿಗೆ ಮೂರು ವರ್ಷ ಬಿಡುವು ಕೊಟ್ಟು, ಆಮೇಲೆ ಎರಡು ವರ್ಷಕ್ಕೊಮ್ಮೆ ಕರೆಯುತ್ತದೆ. ಭಾರತದಲ್ಲಿ ಬಾಡಿಗೆಗೆ ಓಡುವ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಎಫ್‌ಸಿ. ಸ್ವಂತದ ಕಾರಿಗಾದರೆ ಹದಿನೈದು ವರ್ಷದ ನಂತರ ನೋಂದಣಿ ನವೀಕರಿಸುವಾಗ ಮಾತ್ರ ಈ ಪ್ರಶ್ನೆ ಎದ್ದೇಳುತ್ತದೆ. ಅಂದರೆ ವಯಸ್ಸಾದಂತೆ ಎಲ್ಲ ಕಡೆಯೂ ಅನುಮಾನ ಜಾಸ್ತಿ. ಎಷ್ಟನೆಯ ವರ್ಷದಿಂದ ಅನುಮಾನಿಸಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ.

ತಪಾಸಣೆಯ ತಿರುಳು ಬ್ರೇಕಿನಲ್ಲಿದೆ. ನೆಲದಲ್ಲಿ ಹೂತಿರುವ ಜೋಡಿ ಉರುಳೆಗಳ ಮೇಲೆ ಗಾಡಿಯ ಒಂದು ಆಕ್ಸಲ್, ಅಂದರೆ ಎಡಬಲದ ಚಕ್ರಗಳ ಜೋಡಿ, ನಿಲ್ಲುತ್ತದೆ. ಉರುಳೆಗಳು ಚಕ್ರವನ್ನು ತಿರುಗಿಸುತ್ತವೆ, ಚಾಲಕ ನಿಧಾನವಾಗಿ ಬ್ರೇಕ್ ಒತ್ತುತ್ತಾನೆ, ಚಕ್ರ ಎಷ್ಟು ಬಲವಾಗಿ ಎದುರು ನಿಂತಿತು ಎಂಬುದು ಮುಳ್ಳಿನಲ್ಲಿ ಕಾಣುತ್ತದೆ. ಯುರೋಪಿನ ನಿಯಮದಂತೆ ಕಾರಿನ ಒಟ್ಟು ಬ್ರೇಕ್ ಬಲ ಅದರ ತೂಕದ ಶೇ 50ಕ್ಕಿಂತ ಕಡಿಮೆ ಇರುವಂತಿಲ್ಲ; 2012ರಿಂದ ಈಚೆಗೆ ನೋಂದಣಿಯಾದವಕ್ಕೆ ಶೇ 58. ಹ್ಯಾಂಡ್ ಬ್ರೇಕಿಗೆ ಶೇ 16 ಸಾಕು. ಇಷ್ಟೇ ಆಗಿದ್ದರೆ ಹಳೆಯ ಗಾಡಿಗಳು ಹೇಗೋ ಪಾರಾಗುತ್ತಿದ್ದವು. ಅವು ಎಡವುವುದು ಇನ್ನೊಂದು ನಿಯಮದಲ್ಲಿ. ಒಂದೇ ಆಕ್ಸಲಿನ ಎರಡು ಚಕ್ರಗಳಲ್ಲಿ ದುರ್ಬಲವಾದದ್ದು ಬಲವಾದದ್ದರ ಶೇ 70ರಷ್ಟಾದರೂ ಹಿಡಿಯಬೇಕು. ಇಲ್ಲದಿದ್ದರೆ ‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬ ಗಾದೆಯ ಸ್ಥಿತಿ: ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಸೆಳೆಯುತ್ತದೆ.

ಟೈರಿನ ಮೇಲಿನ ಸೀಳುಗಾಲುವೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕೆಂಬುದು ಹಲವು ದೇಶಗಳ ನಿಯಮ. ಹೊಗೆ, ದೀಪದ ಎತ್ತರ, ಸ್ಟೀರಿಂಗಿನ ಸಡಿಲು, ಸೀಟ್ ಬೆಲ್ಟು, ಇವೂ ಪಟ್ಟಿಯಲ್ಲಿವೆ. ಹೊಗೆ ತಪಾಸಣೆಗೆ ಎಂಜಿನ್ ತಣ್ಣಗಿರುವಾಗ ಹೋಗಬಾರದು ಎಂಬುದು ಮಾತ್ರ ನೆನಪಿರಲಿ. ಸೈಲೆನ್ಸರ್ ಸಾಲಿನಲ್ಲಿದ್ದು ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ.

ಪಟ್ಟಿಯಲ್ಲಿ ಇಲ್ಲದ್ದೂ ಬಹಳವಿದೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವದ ಕುದಿಯುವ ಬಿಂದುವನ್ನೇ ನೋಡಿ. ಆ ದ್ರವ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯದು ಹೊಸತಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ 155 ಡಿಗ್ರಿ ತಾಳಿದರೂ ಆ ದರ್ಜೆಗೆ ಸಾಕು. ಉರುಳೆಯ ಮೇಲೆ ಅರ್ಧ ನಿಮಿಷ ಒತ್ತಿದರೆ ಎಷ್ಟು ಶಾಖ ಹುಟ್ಟೀತು? ಹಳೆಯ ದ್ರವದಲ್ಲೂ ಮುಳ್ಳು ಹಸಿರು ತೋರಿಸುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಅದೇ ದ್ರವ ಕುದಿದು, ಆವಿಯ ಗುಳ್ಳೆಯಾಗಿ, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಪತ್ರದಲ್ಲಿ ಸುಳ್ಳೇನೂ ಇರುವುದಿಲ್ಲ. ಆ ದಿನ, ಆ ಜಾಗದಲ್ಲಿ, ಆ ಯಂತ್ರದ ಮೇಲೆ ಕಂಡದ್ದನ್ನು ಅದು ಹೇಳಿರುತ್ತದೆ.

ಯುರೋಪಿನ ದೇಶಗಳು 2018ರ ಮೇ ತಿಂಗಳಿಂದ ದೋಷಗಳನ್ನು ಮೂರು ತರಗತಿಯಾಗಿ ವಿಂಗಡಿಸುತ್ತಿವೆ: ಚಿಕ್ಕದು, ದೊಡ್ಡದು, ಅಪಾಯಕಾರಿ. ಚಿಕ್ಕದಿದ್ದರೆ ಪತ್ರ ಸಿಗುತ್ತದೆ, ದೊಡ್ಡದಿದ್ದರೆ ರಿಪೇರಿ ಮಾಡಿಸಿ ಮರಳಿ ಬರಬೇಕು, ಅಪಾಯಕಾರಿಯಾದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಬ್ರಿಟನ್ನಿನಲ್ಲಿ ಇವುಗಳ ಜತೆಗೆ ‘ಸಲಹೆ’ ಎಂಬ ಟಿಪ್ಪಣಿಯೂ ಇದೆ. ಈಗ ಪಾಸು, ಆದರೆ ಇದರ ಮೇಲೆ ಕಣ್ಣಿರಲಿ ಎಂದು ಅದರ ಅರ್ಥ. ಹಳೆಯ ಗಾಡಿಯ ನಿಜವಾದ ಜಾತಕ ಇರುವುದು ಈ ಟಿಪ್ಪಣಿಯಲ್ಲಿ. ಜನ ಪಾಸಾಯಿತೆಂಬ ಖುಷಿಯಲ್ಲಿ ಅದನ್ನು ಓದದೆ ಮಡಚಿಡುತ್ತಾರೆ.

ಒಂದು ವರ್ಷದ ಹಾಳೆಯನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟರೆ ಎರಡನೆಯ ಪದ ಹುಟ್ಟುತ್ತದೆ: ಮರುಕಳಿಸುವ ದೋಷ. ಗ್ಯಾರೇಜಿನ ಭಾಷೆಯಲ್ಲಿ ‘ಅದೇ ಕಂಪ್ಲೇಂಟ್ ಮತ್ತೆ ಬಂತು’. ಗಾಡಿಗೆ ವಯಸ್ಸಾಯಿತು, ಏನು ಮಾಡುವುದು ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ವಯಸ್ಸಿನಿಂದ ಒಂದಾದ ಮೇಲೊಂದು ಬೇರೆ ಬೇರೆ ಭಾಗ ಸವೆಯಬೇಕು. ಅದೇ ಭಾಗ ಮತ್ತೆ ಮತ್ತೆ ಹಾಳಾದರೆ ತಪ್ಪು ಆ ಭಾಗದ್ದಾಗಿರುವುದು ಕಡಿಮೆ. ಪಕ್ಕದಲ್ಲಿ ಇನ್ನೇನೋ ಕೆಟ್ಟಿದೆ, ನಾವು ಅದಕ್ಕೆ ಬಲಿಯಾದದ್ದನ್ನೇ ಬದಲಿಸುತ್ತಿದ್ದೇವೆ.

ನನ್ನ ಹಳೆಯ ಕಾರಿನ ಎಡಗಡೆಯ ಹಿಂದೀಪವೇ ಇದಕ್ಕೆ ಸಾಕ್ಷಿ. ಎರಡು ತಪಾಸಣೆಗಳಲ್ಲಿ ಅದು ಸೋತಿತು, ಎರಡು ಸಲವೂ ಬಲ್ಬ್ ಬದಲಿಸಿ ಪಾಸು ಮಾಡಿಸಿಕೊಂಡೆ. ಮೂರನೆಯ ಸಲ ಬಲ್ಬ್ ಬಿಚ್ಚಿದರೆ ತಂತಿ ನೆಟ್ಟಗಿದೆ, ಗಾಜು ಕಪ್ಪಾಗಿಲ್ಲ. ಗ್ಯಾರೇಜಿನವರು ನನ್ನನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದರು. ಬ್ರೇಕ್ ದೀಪ ಮಂಕಾಗಿ ಹತ್ತಿತು, ಹಿಂದೀಪ ಆರಿಹೋಯಿತು, ಸಂಬಂಧವೇ ಇಲ್ಲದ ಇಂಡಿಕೇಟರ್ ಮಿಣಮಿಣ ಎಂದಿತು. ‘ಬಲ್ಬ್ ಅಲ್ಲ ಸಾರ್, ಅರ್ಥ್ ಹೋಗಿದೆ’ ಎಂದರು.

ಕಾರಿನಲ್ಲಿ ದೀಪಕ್ಕೆ ಬರುವ ಕರೆಂಟಿಗೆ ತಂತಿ ಇದೆ. ಬ್ಯಾಟರಿಗೆ ಹಿಂದಿರುಗುವ ದಾರಿ, ಅಂದರೆ ‘ಅರ್ಥ್’, ಹೆಚ್ಚಿನಂಶ ಕಾರಿನ ಲೋಹದ ಮೈಯೇ. ಹಿಂದೀಪದ ಕಪ್ಪು ತಂತಿ ಡಿಕ್ಕಿಯ ಮೂಲೆಯಲ್ಲಿ ಒಂದು ಬೋಲ್ಟಿನಡಿ ಮೈಗೆ ಸೇರುತ್ತದೆ. ಅಲ್ಲಿ ತುಕ್ಕು ಹಿಡಿದರೆ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ ದಾರಿ ಹುಡುಕುತ್ತದೆ, ಅದಕ್ಕೇ ಇಂಡಿಕೇಟರಿನ ಮಿಣಮಿಣ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಮುಟ್ಟಿಸಿ, ದೀಪ ಹಾಕಿ ನೋಡಿದರೆ ಸೊನ್ನೆಯ ಹತ್ತಿರ ಇರಬೇಕಾದದ್ದು ಎರಡು ವೋಲ್ಟಿಗಿಂತ ಮೇಲಿತ್ತು. ಬಲ್ಬಿಗೆ ಸಿಗಬೇಕಾದ ಪಾಲನ್ನು ತುಕ್ಕು ತಿನ್ನುತ್ತಿತ್ತು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವವರೆಗೆ ತಿಕ್ಕಿ, ವ್ಯಾಸಲಿನ್ ಸವರಿ ಬಿಗಿದರು. ಮೊದಲ ಎರಡು ಸಲವೂ ಬಲ್ಬ್ ಬದಲಿಸಿದಾಗ ಹೇಗೆ ಹತ್ತಿತ್ತು? ಬಿಚ್ಚಿ ಹಾಕುವ ಎಳೆದಾಟದಲ್ಲಿ ತಂತಿ ಕದಲಿ ತುಸು ಸಂಪರ್ಕ ಸಿಕ್ಕಿರಬೇಕು.

ಬ್ರೇಕಿನಲ್ಲೂ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. ಬಲಮುಂದಿನ ಪ್ಯಾಡ್ ಮಾತ್ರ ಬೇಗ ಸವೆಯುತ್ತದೆ, ಅದರಲ್ಲೂ ಒಳಗಿನ ಪ್ಯಾಡ್ ತಗಡು ಕಾಣುವಷ್ಟು ತೆಳುವಾದರೆ ಹೊರಗಿನದು ಇನ್ನೂ ಅರ್ಧ ಉಳಿದಿರುತ್ತದೆ. ಹೊಸ ಜೋಡಿ ಹಾಕಿದರೆ ಕೆಲವು ತಿಂಗಳಲ್ಲಿ ಮತ್ತೆ ಅದೇ. ಪ್ಯಾಡುಗಳನ್ನು ಒತ್ತಿಹಿಡಿಯುವ ಇಕ್ಕಳದಂಥ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು, ಆಗ ಒಳಗಿನ ಪಿಸ್ಟನ್ ಒತ್ತಿದರೂ ಎರಡು ಪ್ಯಾಡುಗಳೂ ಸಮನಾಗಿ ಕಚ್ಚುತ್ತವೆ. ಪಿನ್ನಿನ ರಬ್ಬರ್ ಟೋಪಿ ಹರಿದು ಗ್ರೀಸ್ ಒಣಗಿತೆಂದರೆ ಜಾರಾಟ ನಿಲ್ಲುತ್ತದೆ, ದುಡಿತವೆಲ್ಲ ಒಳಗಿನದರ ಪಾಲು. ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ಬಂದು ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಒಲೆಯ ಮುಂದೆ ಕೂತಂತೆ ಬಿಸಿ ಹೊಡೆದರೆ ಪ್ಯಾಡ್ ಬಿಟ್ಟುಕೊಳ್ಳುತ್ತಿಲ್ಲ ಎಂದರ್ಥ. ಉರುಳೆಯ ಮೇಲೆ ಆ ಶೇ 70ರ ಲೆಕ್ಕ ತಪ್ಪುವುದು ಬಹಳ ಸಲ ಇಲ್ಲಿ.

ಟೈರಿನ ಒಳ ಅಂಚು ಮಾತ್ರ ಬೋಳಾಗುತ್ತಿದ್ದರೆ ಟೈರ್ ಬದಲಿಸುವ ಮೊದಲು ಸಸ್ಪೆನ್ಷನ್ನಿನ ಬುಷ್ ಮತ್ತು ಅಲೈನ್‌ಮೆಂಟ್ ನೋಡಿಸಬೇಕು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ತುಕ್ಕಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಮೇಲೆ ಥಳಕು ಒಳಗೆ ಹುಳುಕು ಎಂಬುದಕ್ಕೆ ಹಳೆಯ ಕಾರಿನ ಅಡಿಭಾಗಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ತೂತಿಗೆ ಪುಟ್ಟಿ ತುಂಬಿ ಕಪ್ಪು ಬಣ್ಣ ಬಳಿದರೆ ಕಣ್ಣಿಗೆ ಹೊಸತು. ತಿಳಿದ ತಪಾಸಣೆಗಾರ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಎಲ್ಲ ತುಕ್ಕೂ ಸೋಲಲ್ಲ. ಬ್ರಿಟನ್ನಿನ ನಿಯಮದಲ್ಲಿ ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟುಗಳನ್ನು ಬಿಗಿದ ಜಾಗದ ಸುತ್ತ 30 ಸೆಂಟಿಮೀಟರಿನೊಳಗೆ ಮೈ ಕೊಳೆತು ಬಲಗುಂದಿದ್ದರೆ ಅದು ಗಂಭೀರ ದೋಷ. ಬಾಗಿಲ ಅಂಚಿನ ತುಕ್ಕು ನೋಡಲು ಕೆಟ್ಟದಾಗಿರಬಹುದು, ಬೆಲ್ಟಿನ ಬುಡದ ತುಕ್ಕು ಪ್ರಾಣಕ್ಕೆ ಸಂಬಂಧಿಸಿದ್ದು.

‘ನನ್ನ ಗಾಡಿ ಓಡಿರುವುದೇ ಕಡಿಮೆ’ ಎಂಬ ವಾದವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಗಾಡಿಗೆ ಎರಡು ಗಡಿಯಾರಗಳಿವೆ. ಒಂದು ಕಿಲೋಮೀಟರ್ ಎಣಿಸುತ್ತದೆ, ಇನ್ನೊಂದು ವರ್ಷ. ರಬ್ಬರು ಎರಡನೆಯದನ್ನು ನೋಡಿ ಮುದಿಯಾಗುತ್ತದೆ. ಟೈರಿನ ಬದಿಯಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದರ ಹುಟ್ಟಿದ ದಿನ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಆಳ ಎಷ್ಟೇ ಉಳಿದಿರಲಿ, ಬದಿಯಲ್ಲಿ ಸಣ್ಣ ಬಿರುಕುಗಳ ಬಲೆ ಕಂಡರೆ ನಿಂತಲ್ಲೇ ಸವೆದ ಟೈರ್ ಅದು.

ಹಿಂದೀಪಕ್ಕೆ ಮರಳುವುದಾದರೆ, ಅರ್ಥ್ ಸರಿಮಾಡಿದ ಮೇಲೂ ಗ್ಯಾರೇಜಿನವರು ಕಾರು ಬಿಟ್ಟುಕೊಡಲಿಲ್ಲ. ಬೋಲ್ಟಿಗೆ ತುಕ್ಕು ಎಲ್ಲಿಂದ ಬಂತು ಎಂದು ಡಿಕ್ಕಿಯ ಹಾಸು ಎತ್ತಿದರು. ಕೆಳಗೆ ಒದ್ದೆ. ಡಿಕ್ಕಿಯ ಬಾಯಿಗೆ ಸುತ್ತಿದ ರಬ್ಬರ್ ಒಂದು ಮೂಲೆಯಲ್ಲಿ ಚಪ್ಪಟೆಯಾಗಿ, ಮಳೆನೀರು ನೇರವಾಗಿ ಆ ಬೋಲ್ಟಿನ ಮೇಲೆ ಇಳಿಯುತ್ತಿತ್ತು. ರಬ್ಬರ್ ಬದಲಾಯಿತು. ಆಗ ತಂದಿಟ್ಟ ಬಲ್ಬ್ ಈಗಲೂ ಅದರ ಪೊಟ್ಟಣದಲ್ಲೇ ಇದೆ.