ಲೆನ್ಸು ಹಿಂದುಮುಂದಾದಾಗ

ದಾಸವಾಳದ ಕೇಸರಗಳ ತುದಿಗೆ ಅಂಟಿರುವ ಪರಾಗ ಬರಿಗಣ್ಣಿಗೆ ಹಳದಿ ಪುಡಿಯಂತೆ ಕಾಣುತ್ತದೆ. ಅದರ ಒಂದೊಂದು ಕಣವೂ ಮೈತುಂಬ ಮುಳ್ಳಿರುವ ಪುಟ್ಟ ಗೋಲ ಎಂಬುದರ ಸುಳಿವು ಸಿಗಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಎಸ್‌ಎಲ್‌ಆರ್ ಎಂಬ, ಒಳಗೆ ಕನ್ನಡಿಯಿರುವ ಬಗೆಯ ಕ್ಯಾಮೆರಾದಿಂದ 28 ಮಿ.ಮೀ. ಲೆನ್ಸನ್ನು ಬಿಚ್ಚಿ, ಅದರ ಮುಂಬದಿಯನ್ನು ಕ್ಯಾಮೆರಾದ ಕಡೆಗೂ ಹಿಂಬದಿಯನ್ನು ಹೂವಿನ ಕಡೆಗೂ ಮಾಡಿ ಮತ್ತೆ ಜೋಡಿಸಿದರೆ ಸಾಕು. ಒಂದು ಬದಿಯಲ್ಲಿ ಫಿಲ್ಟರ್ ಕೂರುವ ತಿರುಪು, ಇನ್ನೊಂದು ಬದಿಯಲ್ಲಿ ಕ್ಯಾಮೆರಾದ ಬಾಯಿಗೆ ಹೊಂದುವ ಕಚ್ಚು ಇರುವ 'ರಿವರ್ಸ್ ರಿಂಗ್' ಎಂಬ ಲೋಹದ ಉಂಗುರವೊಂದೇ ಇದಕ್ಕೆ ಬೇಕಾದ ಹೆಚ್ಚಿನ ಸಾಮಗ್ರಿ, ಮತ್ತು ಅದರಲ್ಲಿ ಗಾಜು ಇರುವುದೇ ಇಲ್ಲ.

ಗಾಜಿಲ್ಲದ ಉಂಗುರ ಚಿತ್ರವನ್ನು ಹಿಗ್ಗಿಸುವುದು ಹೇಗೆ? ಇದಕ್ಕೆ ನ್ಯೂಟನ್ನನ ಹೆಸರಿನಲ್ಲಿರುವ ಸರಳ ಸೂತ್ರವೊಂದು ಉತ್ತರ ಕೊಡುತ್ತದೆ. ದೂರದ ಬೆಟ್ಟವನ್ನು ಸೆನ್ಸರ್ ಮೇಲೆ ಸ್ಪಷ್ಟವಾಗಿ ಮೂಡಿಸುವ ಸ್ಥಾನದಿಂದ ಲೆನ್ಸು ಎಷ್ಟು ಮುಂದೆ ಸರಿದಿದೆಯೋ ಅದನ್ನು ಲೆನ್ಸಿನ ಸಂಗಮ ದೂರದಿಂದ (28 ಮಿ.ಮೀ., 50 ಮಿ.ಮೀ. ಎಂದು ಲೆನ್ಸನ್ನು ಗುರುತಿಸುವ ಅಳತೆಯಿಂದ) ಭಾಗಿಸಿದರೆ ವರ್ಧನೆ, ಅಂದರೆ ಬಿಂಬ ವಸ್ತುವಿನ ಎಷ್ಟು ಪಟ್ಟು ಎಂಬುದು, ಸಿಗುತ್ತದೆ. ಸಾಮಾನ್ಯ 50 ಮಿ.ಮೀ. ಲೆನ್ಸಿನ ಫೋಕಸ್ ಬಳೆಯನ್ನು ಕೊನೆಯವರೆಗೆ ತಿರುಗಿಸಿದರೂ ಅದು ಮುಂದೆ ಬರುವುದು ಸುಮಾರು 7 ಮಿ.ಮೀ. ಮಾತ್ರ. ಆದ್ದರಿಂದ 7 ಮಿ.ಮೀ. ಉದ್ದದ ಇರುವೆ ಸೆನ್ಸರ್ ಮೇಲೆ ಒಂದೇ ಮಿಲಿಮೀಟರಿನಷ್ಟಾಗಿ ಮೂಡುತ್ತದೆ. ಇರುವೆ ಮತ್ತು ಅದರ ಬಿಂಬ ಒಂದೇ ಅಳತೆಯವಾಗಬೇಕಾದರೆ ಲೆನ್ಸು 50 ಮಿ.ಮೀ. ಮುಂದೆ ಬರಬೇಕು. ಲೆನ್ಸನ್ನು ತಿರುಗಿಸಿ ಹಾಕಿದಾಗ ಹೆಚ್ಚುಕಡಿಮೆ ಆಗುವುದು ಇದೇ. ನಿಕಾನ್‌ನ ಎಸ್‌ಎಲ್‌ಆರ್‌ಗಳಲ್ಲಿ ಬಾಯಿಯಿಂದ ಸೆನ್ಸರಿಗೆ 46.5 ಮಿ.ಮೀ., ಕ್ಯಾನನ್‌ನವುಗಳಲ್ಲಿ 44 ಮಿ.ಮೀ. ಅಂತರವಿದೆ, ಮೊದಲು ಲೆನ್ಸಿನ ಹಿಂದೆ ಇದ್ದೇ ತೀರಬೇಕಾಗಿದ್ದ ಈ ಖಾಲಿ ಜಾಗದ ಬಹುಪಾಲು ಈಗ ಲೆನ್ಸು ಪುಕ್ಕಟೆಯಾಗಿ ಮುಂದೆ ಸರಿದ ದೂರವಾಗಿ ಪರಿಣಮಿಸುತ್ತದೆ.

ಹಾಗಿದ್ದರೆ ಲೆನ್ಸನ್ನು ನೆಟ್ಟಗೆ ಇರಿಸಿಯೇ ನಡುವೆ ಒಂದು ಟೊಳ್ಳು ಕೊಳವೆಯನ್ನು ಸೇರಿಸಬಾರದೇಕೆ? ಸೇರಿಸಬಹುದು, ಅನೇಕರು ಸೇರಿಸುತ್ತಾರೆ. ಆದರೆ ಸಾಮಾನ್ಯ ಲೆನ್ಸಿನ ಎರಡು ಮುಖಗಳಿಗೆ ವಹಿಸಿರುವ ಕೆಲಸ ಒಂದೇ ಅಲ್ಲ. ಮುಂಬದಿ ದೂರದ ದೃಶ್ಯವನ್ನೂ ಹಿಂಬದಿ ಹತ್ತಿರದ ಸೆನ್ಸರನ್ನೂ ನೋಡುವುದೆಂದು ಲೆಕ್ಕ ಹಾಕಿಯೇ ಅದರ ಗಾಜುಗಳ ಬಾಗುಗಳನ್ನು ನಿಗದಿಪಡಿಸಿ, ಬಿಂಬವನ್ನು ಕೆಡಿಸುವ ವಿಪಥನ ದೋಷಗಳನ್ನು ಸರಿಪಡಿಸಿರುತ್ತಾರೆ. ಬಿಂಬವು ವಸ್ತುವಿಗಿಂತ ದೊಡ್ಡದಾದ ಕ್ಷಣದಿಂದ ಈ ದೂರಗಳು ಅದಲುಬದಲಾಗುತ್ತವೆ, ಅಂದರೆ ವಸ್ತು ಹತ್ತಿರವಾಗಿ ಸೆನ್ಸರ್ ದೂರವಾಗುತ್ತದೆ. ಆಗ ಲೆನ್ಸನ್ನೂ ಅದಲುಬದಲು ಮಾಡಿದರೆ ಪ್ರತಿಯೊಂದು ಮುಖಕ್ಕೂ ತಾನು ಬಲ್ಲ ದೂರವೇ ದಕ್ಕುತ್ತದೆ. ಬೆಳಕು ಬಂದ ದಾರಿಯಲ್ಲೇ ಮರಳಬಲ್ಲದೆಂಬ ನಿಯಮದ ಮೇಲೆ ಈ ಉಪಾಯ ನಿಂತಿದೆ.

ಇಲ್ಲಿ ಹೊಸಬರಿಗೆ ಒಗಟಿನಂತೆ ಕಾಣುವ ಸಂಗತಿಯೊಂದಿದೆ. ತಿರುಗಿಸಿದ 50 ಮಿ.ಮೀ. ಲೆನ್ಸು ವಸ್ತುವನ್ನು ಹೆಚ್ಚುಕಡಿಮೆ ಅದರ ನಿಜ ಗಾತ್ರದಲ್ಲಿ ಮೂಡಿಸಿದರೆ, ವಿಶಾಲ ನೋಟದ 28 ಮಿ.ಮೀ. ಲೆನ್ಸು ಸುಮಾರು ಎರಡು ಪಟ್ಟು ಹಿಗ್ಗಿಸುತ್ತದೆ. ಇಷ್ಟಾದರೂ ಹೂವಿಗೂ ಗಾಜಿಗೂ ನಡುವಿನ ಅಂತರ ನಾಲ್ಕು ಸೆಂಟಿಮೀಟರಿನ ಆಸುಪಾಸಿನಲ್ಲೇ ಉಳಿಯುತ್ತದೆ. ಸಂಗಮ ದೂರ ಕಿರಿದಾದಂತೆ ವರ್ಧನೆ ಏರುವುದು ಮೇಲಿನ ಭಾಗಾಕಾರದಿಂದಲೇ ತಿಳಿಯುತ್ತದೆ, ಆದರೆ ಅಂತರ ಕುಗ್ಗದಿರುವುದಕ್ಕೆ ಕಾರಣ ಕ್ಯಾಮೆರಾದೊಳಗಿನ ಕನ್ನಡಿ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಕನ್ನಡಿ ಮೇಲೇಳಲು ಜಾಗ ಬೇಕು, 28 ಮಿ.ಮೀ. ಲೆನ್ಸನ್ನು ಸೆನ್ಸರಿನಿಂದ 28 ಮಿ.ಮೀ. ದೂರದಲ್ಲಿಟ್ಟರೆ ಕನ್ನಡಿ ಅದಕ್ಕೆ ಬಡಿಯುತ್ತದೆ. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ಸ್ಥಿರ ಛಾಯಾಗ್ರಹಣಕ್ಕಾಗಿ ಹೊರತಂದ 'ರೆಟ್ರೋಫೋಕಸ್' ಬಗೆಯ ಲೆನ್ಸು, ಮುಂದೆ ದೊಡ್ಡದೊಂದು ನಿಮ್ನ ಭಾಗವನ್ನಿಟ್ಟು ಹಿಂಬದಿಯ ಅಂತರವನ್ನು ಸಂಗಮ ದೂರಕ್ಕಿಂತ ಹೆಚ್ಚಿಸಿತು. ಕನ್ನಡಿಗೆಂದು ಬಿಟ್ಟ ಆ ಜಾಗವೇ ಲೆನ್ಸು ತಿರುಗಿದಾಗ ಜೇಡಕ್ಕೂ ಜೇನಿಗೂ ಸಿಗುವ ಜಾಗ.

ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ತಿರುಗಿಸಿದ ಲೆನ್ಸಿಗೆ ಕ್ಯಾಮೆರಾದ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಕ್ಯಾಮೆರಾದಿಂದ ಬದಲಿಸಲಾಗುವುದಿಲ್ಲ. ಅಪರ್ಚರ್ ಬಳೆಯಿರುವ ಹಳೆಯ ಲೆನ್ಸುಗಳು ಇಲ್ಲಿ ಹೊಸವಕ್ಕಿಂತ ಮೇಲೆನಿಸುವುದು ಇದಕ್ಕಾಗಿಯೇ. ಕ್ಯಾನನ್‌ನ ಇಎಫ್ ಲೆನ್ಸುಗಳಿಗೆ ಬಳೆಯಿಲ್ಲ. ತಿರುಗಿಸುವ ಮೊದಲು ಅಪರ್ಚರನ್ನು ಎಫ್/8ಕ್ಕೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು) ಇರಿಸಿ, ರಂಧ್ರವನ್ನು ಆ ಅಳತೆಗೆ ಕಿರಿದಾಗಿಸಿ ತೋರಿಸುವ ಡೆಪ್ತ್ ಪ್ರಿವ್ಯೂ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲೆನ್ಸನ್ನು ಬಿಚ್ಚಿದರೆ ಅದರ ಅಲಗುಗಳು ಅಲ್ಲೇ ನಿಲ್ಲುತ್ತವೆ. ಫೋಕಸ್ ಬಳೆಯಿಂದಲೂ ಹೆಚ್ಚು ಪ್ರಯೋಜನವಿಲ್ಲ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿರಬೇಕು.

ನನ್ನ ಮಟ್ಟಿಗೆ ನಿಜವಾದ ಕಷ್ಟವಿರುವುದು ಬೆಳಕಿನಲ್ಲಿ. ಎರಡು ಪಟ್ಟು ವರ್ಧನೆಯಲ್ಲಿ ಎಫ್/8 ಇರಿಸಿದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 0.36 ಮಿ.ಮೀ., ಅಂದರೆ ನೊಣದ ಕಣ್ಣು ಸ್ಪಷ್ಟವಾದರೆ ರೆಕ್ಕೆಯ ಬುಡ ಮಸುಕಾಗುತ್ತದೆ. ಪದರವನ್ನು ದಪ್ಪಗೊಳಿಸಲು ಅಪರ್ಚರನ್ನು ಇನ್ನಷ್ಟು ಕಿರಿದಾಗಿಸೋಣವೆಂದರೆ ವಿವರ್ತನೆ, ಅಂದರೆ ಕಿರಿದಾದ ರಂಧ್ರವನ್ನು ದಾಟುವ ಬೆಳಕು ಹರಡಿಕೊಳ್ಳುವುದು, ಅಡ್ಡ ಬರುತ್ತದೆ. ವರ್ಧನೆಗೆ ಒಂದನ್ನು ಕೂಡಿಸಿ ಎಫ್ ಸಂಖ್ಯೆಯಿಂದ ಗುಣಿಸಿದರೆ ಕೆಲಸಕ್ಕೆ ಸಾಲುವ ಅಂದಾಜು ಸಿಗುತ್ತದೆ: ಇಲ್ಲಿ ಎಫ್/8 ಎಂಬುದು ಎಫ್/24ರಂತೆ ವರ್ತಿಸುತ್ತದೆ, ಒಂದು ಬಿಂದುವಿನ ಬೆಳಕು ಸೆನ್ಸರ್ ಮೇಲೆ ಸುಮಾರು 32 ಮೈಕ್ರಾನ್ ಅಗಲದ ಚುಕ್ಕೆಯಾಗಿ ಹರಡುತ್ತದೆ. ಎಫ್/16ಕ್ಕೆ ಹೋದರೆ ಆ ಚುಕ್ಕೆ ಇಮ್ಮಡಿಯಾಗಿ ದಾಸವಾಳದ ಮುಳ್ಳುಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಆದ್ದರಿಂದ ಎಫ್/5.6 ಅಥವಾ ಎಫ್/8ರಲ್ಲೇ ಇದ್ದು, ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಕಾಗದ ಹಿಡಿದು ಬೆಳಕನ್ನು ಮೃದುವಾಗಿಸಿ, ಒಂದೊಂದು ಪದರವನ್ನೂ ಬೇರೆಬೇರೆಯಾಗಿ ಸೆರೆಹಿಡಿದು ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸುವುದು ಉತ್ತಮ. ಅಲುಗಾಡುವ ಕೀಟಕ್ಕೆ ಇದು ಒಗ್ಗದು, ಆದರೆ ಇಬ್ಬನಿಯಲ್ಲಿ ನೆನೆದು ಇನ್ನೂ ಹಾರಲಾರದ ಏರೋಪ್ಲೇನ್ ಚಿಟ್ಟೆ ಬೆಳಗಿನ ಆರೂವರೆಗೆ ಸಾಕಷ್ಟು ತಾಳ್ಮೆ ತೋರಿಸುತ್ತದೆ.

ಇದೇ ತತ್ತ್ವದ ಇನ್ನೊಂದು ರೂಪದಲ್ಲಿ ಒಂದು ಲೆನ್ಸಿನ ಮುಂದೆ ಇನ್ನೊಂದನ್ನು ತಿರುಗಿಸಿ ಕೂಡಿಸುತ್ತಾರೆ. 200 ಮಿ.ಮೀ. ಲೆನ್ಸಿನ ಮುಂದೆ ತಿರುಗಿಸಿದ 50 ಮಿ.ಮೀ. ಲೆನ್ಸಿದ್ದರೆ ವರ್ಧನೆ ನಾಲ್ಕು ಪಟ್ಟು, ಅಂದರೆ 200ನ್ನು 50ರಿಂದ ಭಾಗಿಸಿದಷ್ಟು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಫೋನಿನ ಕ್ಯಾಮೆರಾದ ಮುಂದೆ ಇನ್ನೊಂದು ಫೋನಿನ ಲೆನ್ಸನ್ನು ಹೀಗೆಯೇ ತಿರುಗಿಸಿಟ್ಟು ಕಡಿಮೆ ಖರ್ಚಿನ ಸೂಕ್ಷ್ಮದರ್ಶಕವೊಂದನ್ನು ಮಾಡಿ 2014ರಲ್ಲಿ ಪ್ರಕಟಿಸಿದರು. ಅಲ್ಲಿ ವರ್ಧನೆ ಬರೀ ಒಂದು ಪಟ್ಟು. ಫೋನಿನ ಸೆನ್ಸರಿನ ಪಿಕ್ಸೆಲ್‌ಗಳು ಬಹಳ ಚಿಕ್ಕವಾದ್ದರಿಂದ ಅಷ್ಟೇ ಸಾಕಾಯಿತು.

ಕನ್ನಡಿಯಿಲ್ಲದ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಾಯಿಗೂ ಸೆನ್ಸರಿಗೂ ನಡುವೆ 20 ಮಿ.ಮೀ. ಆಸುಪಾಸಿನ ಅಂತರವಿದೆ, ಅವುಗಳಿಗಾಗಿ ರೂಪಿಸಿದ ಅನೇಕ ಲೆನ್ಸುಗಳ ಹಿಂಗಾಜು ಸೆನ್ಸರಿಗೆ ತೀರಾ ಸಮೀಪದಲ್ಲಿ ಕೂರುತ್ತದೆ. ಅಂಥದ್ದನ್ನು ತಿರುಗಿಸಿದರೆ ವಸ್ತು ಗಾಜಿಗೆ ತಾಗುವಷ್ಟು ಹತ್ತಿರ ಬಂದು ಬೆಳಕು ಬೀಳಲೂ ಎಡೆಯಿರುವುದಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾದ 28 ಮಿ.ಮೀ. ಲೆನ್ಸು ಕಪಾಟಿನಲ್ಲಿದ್ದರೆ ಅದನ್ನು ಗುಜರಿಗೆ ಹಾಕದೆ, ಮೊದಲು ಪ್ಲಾಸ್ಟಿಕ್ ಅಳತೆಪಟ್ಟಿಯೊಂದರ ಮೇಲೆ ತಿರುಗಿಸಿ ಹಿಡಿದು ನೋಡಬಹುದು: 36 ಮಿ.ಮೀ. ಅಗಲದ ಸೆನ್ಸರಿನ ಚೌಕಟ್ಟಿನಲ್ಲಿ ಪಟ್ಟಿಯ 18 ಮಿ.ಮೀ. ಮಾತ್ರ ಹಿಡಿಸಿದರೆ ವರ್ಧನೆ ಸರಿಯಾಗಿ ಎರಡು ಪಟ್ಟು.